ತಂಪಿನ ಲೆಕ್ಕ

ಮನೆ ಕಟ್ಟಿಸುವವನಿಗೆ ಬುದ್ಧಿ ಹೇಳುವವರ ಕೊರತೆ ಎಂದೂ ಇರುವುದಿಲ್ಲ. ಕವಿತಾಳದಲ್ಲಿ ನಮ್ಮ ಹಿರಿಯರ ಮಾಳಿಗೆ ಮನೆಯನ್ನು ಕೆಡವಿ ಹೊಸದನ್ನು ಎಬ್ಬಿಸಲು ಹೊರಟಾಗ ನನಗೂ ಹತ್ತು ಮಂದಿ ಹತ್ತು ಬಗೆಯ ಸಲಹೆ ಕೊಟ್ಟರು. ಮೊದಲು ಗೋಡೆ, ಚಾವಣಿಗಳನ್ನು ನೋಡಿಕೊಳ್ಳಿ, ಯಂತ್ರದ ಮಾತು ಆಮೇಲೆ ಎಂದವರು ಒಬ್ಬರೇ. ಗಾರೆ ಕೆಲಸದ ಮುದುಕರು. ಆ ಮಾತು ಆಗ ನನಗೆ ರುಚಿಸಲಿಲ್ಲ.

ರಾಯಚೂರು ಸೀಮೆಯಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹಳೆಯ ಮನೆಗೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಹಗಲಿನ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹೊಸ ಮನೆಗೆ ತೆಳುವಾದ ಗೋಡೆ, ಕಾಂಕ್ರೀಟಿನ ಚಾವಣಿ, ಪಡುವಲಿಗೆ ಅಗಲವಾದ ಗಾಜಿನ ಕಿಟಕಿ. ಮೊದಲ ಬೇಸಗೆಯಲ್ಲಿಯೇ ಎಪ್ಪತ್ತೈದು ದಾಟಿದ ನನ್ನ ತಾಯಿ ಬಳಲಿ ಹಾಸಿಗೆ ಹಿಡಿದರು. ಐದು ನಕ್ಷತ್ರದ ಏರ್ ಕಂಡೀಷನರ್ ತಂದು ಅವರ ಕೋಣೆಗೆ ಹಾಕಿಸಿದೆ. ವಿದ್ಯುತ್ತಿನ ಮಿತವ್ಯಯವನ್ನೂ ಮಾತೃಸೇವೆಯನ್ನೂ ಒಟ್ಟಿಗೆ ಸಾಧಿಸಿದೆನೆಂದು ಹಿಗ್ಗಿದೆ.

ವಾರ ಕಳೆಯುವುದರೊಳಗೆ ಪಕ್ಕದ ತಗಡಿನ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದಳು. "ಸರ್ರೀ, ನಿಮ್ಮ ಡಬ್ಬಿ ನಮ್ಮ ಕಿಟಕಿಗೆ ಬಿಸಿಗಾಳಿ ಹೊಡೀತೈತ್ರಿ. ಕೂಸು ಮಕ್ಕೊಳ್ಳವಲ್ದ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಯಂತ್ರವು ಸೆಕೆಯನ್ನು ಕೊಲ್ಲುವುದಿಲ್ಲ. ಒಳಗಿನದನ್ನು ಹೊರಗೆ ಸಾಗಿಸುತ್ತದೆ, ತನ್ನ ಪಾಲಿನದನ್ನೂ ಅದಕ್ಕೆ ಕೂಡಿಸುತ್ತದೆ. 2006ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ನಕ್ಷತ್ರದ ಗುರುತು, ಅದು ತನ್ನ ಜಾತಿಯ ಯಂತ್ರಗಳಲ್ಲಿ ಮೇಲು ಎಂದಷ್ಟೇ ಹೇಳುತ್ತದೆ. ಒಂದೂವರೆ ಟನ್ನಿನ ಇಂಥ ಯಂತ್ರ ಪೂರ್ಣವಾಗಿ ದುಡಿಯುವಾಗ ಹದಿನೈದು ಇಪ್ಪತ್ತು ಹಳೆಯ ಫ್ಯಾನುಗಳಷ್ಟು ವಿದ್ಯುತ್ತನ್ನು ನುಂಗುತ್ತದೆ. ಆ ವಿದ್ಯುತ್ತಿಗಾಗಿ ಎಲ್ಲಿಯೋ ಬೆಂಕಿ ಉರಿಯಬೇಕು. ನಮ್ಮ ಜಿಲ್ಲೆಯವರಿಗಂತೂ ಆ ಬೆಂಕಿ ದೂರದ್ದಲ್ಲ. 1985ರಿಂದ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಮೇಲೆ ಕಲ್ಲಿದ್ದಲು ಉರಿಯುತ್ತಲೇ ಇದೆ.

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಇಕೋ ನಿವಾಸ ಸಂಹಿತಾ' ಯಂತ್ರಕ್ಕಿಂತ ಮೊದಲು ಮನೆಯ ಗೋಡೆ, ಕಿಟಕಿ, ಚಾವಣಿಗಳ ಗುಣವನ್ನು ವಿಚಾರಿಸುತ್ತದೆ. ಅದನ್ನು ಓದಿದಾಗ ಗಾರೆಯ ಮುದುಕರು ನೆನಪಾದರು. ಮಾಳಿಗೆಗೆ ಬಿಳಿಯ ಸುಣ್ಣ ಬಳಿಸಿದೆ. ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿಸಿದೆ. ಡಬ್ಬಿಯನ್ನು ಮಾಳಿಗೆಯ ಮೇಲಕ್ಕೆ ಏರಿಸಿದೆ. ತಾಯಿಗೆ ಈಗ 26 ಡಿಗ್ರಿಯ ತಂಪೂ ಒಂದು ಫ್ಯಾನೂ ಸಾಕಾಗುತ್ತವೆ.

ಬಿಲ್ಲು ಇಳಿಯಿತು. ಇಳಿದೊಡನೆ, ನನ್ನ ಓದುವ ಕೋಣೆಗೂ ಒಂದು ಇರಲಿ ಎಂದಿತು ಮನಸ್ಸು! ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರ ಬಂದರೆ ಕಲ್ಲಿದ್ದಲಿನ ಖರ್ಚು ಹೆಚ್ಚೀತೆಂದು ಇಂಗ್ಲೆಂಡಿನ ಜೆವನ್ಸ್ 1865ರಲ್ಲಿಯೇ ಎಚ್ಚರಿಸಿದ್ದ. ಯಂತ್ರಕ್ಕೆ ನಕ್ಷತ್ರ ಕೊಡಬಹುದು. ಆಸೆಗೆ ಕೊಡುವವರು ಯಾರು? ತಾಯಿಯ ತಂಪು ಅಗತ್ಯ, ನನ್ನದು ಸುಖ. ಈ ಎರಡರ ನಡುವೆ ಗೆರೆ ಎಳೆಯುವ ಕೆಲಸವನ್ನು ಯಾವ ಸಂಹಿತೆಗೂ ವಹಿಸಿಕೊಡಲಾಗದು. ಓದುವ ಕೋಣೆಯ ಕಿಟಕಿ ತೆರೆದಿಟ್ಟು ಕುಳಿತಿದ್ದೇನೆ.

ಸುಣ್ಣ ಸ್ವಲ್ಪ ಉಳಿದಿತ್ತು. ಒಪ್ಪಿಗೆ ಕೇಳಿ ಪಕ್ಕದ ಮನೆಯ ತಗಡಿಗೂ ಬಳಿಸಿದೆ. ಅದನ್ನು ದಾನವೆನ್ನಲು ನಾಚಿಕೆಯಾಗುತ್ತದೆ. ಅದು ಸಾಲದ ಒಂದು ಕಂತು. ಮಳೆಗಾಲ ಬಂದರೆ ಸುಣ್ಣ ತೊಳೆದುಹೋಗುತ್ತದೆ. ಬರುವ ಬೇಸಗೆಗೆ ಮತ್ತೆ ಬಳಿಸಬೇಕು.