ಹಾಜರಿ ಪುಸ್ತಕ ಮತ್ತು ಡಾಕ್ಟರೇಟು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರುಗಳು ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗದಲ್ಲಿ ಒಂದರ ಹಿಂದೊಂದು ಬರುತ್ತವೆ. ನನಗೆ ಬಾಲ್ಯದಿಂದ ಪರಿಚಯವಿರುವ ಒಬ್ಬ ಶಿಕ್ಷಕಿಯ ಬದುಕೂ ಇದೇ ಮಾರ್ಗದಲ್ಲಿ ಹರಡಿಕೊಂಡಿದೆ. ಅವರ ಮನೆ ರಾಣೆಬೆನ್ನೂರಿನಲ್ಲಿ, ನೌಕರಿ ಬ್ಯಾಡಗಿ ಕಡೆಯ ಒಂದು ಉರ್ದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಇಲಾಖೆಯ ಕಾಗದಪತ್ರದ ಓಡಾಟ ಹಾವೇರಿಗೆ. ಉರ್ದು ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವರಾದ್ದರಿಂದ ಇವತ್ತಿಗೂ ನನಗೆ ಅವರು ಆಪಾ. ಈಗ ಆ ಶಾಲೆಯ ಮುಖ್ಯೋಪಾಧ್ಯಾಯಿನಿ.

ಐವತ್ತರ ಹತ್ತಿರ ಬಂದಾಗ ಅವರು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದರು. ವಿಷಯ ಶೈಕ್ಷಣಿಕ ನಾಯಕತ್ವ. ಅಂದರೆ ಮುಖ್ಯೋಪಾಧ್ಯಾಯರು ಶಾಲೆಯನ್ನು ಹೇಗೆ ನಡೆಸುತ್ತಾರೆ, ಅದರಿಂದ ಮಕ್ಕಳ ಕಲಿಕೆಗೂ ಹಾಜರಿಗೂ ಏನು ಪರಿಣಾಮವಾಗುತ್ತದೆ ಎಂಬುದರ ಅಧ್ಯಯನ. ಸುದ್ದಿ ಕೇಳಿ ನಾನು ನಕ್ಕಿದ್ದೆ. "ಈ ವಯಸ್ಸಿನಾಗ ಯಾಕ್ ಬೇಕ್ರೀ ಆಪಾ ಇದೆಲ್ಲಾ?" ಎಂದಿದ್ದೆ. "ಇಪ್ಪತ್ತೈದು ವರ್ಷ ಮಕ್ಕಳಿಗೆ ಓದ್ರಿ, ಓದ್ರಿ ಅಂತ ಹೇಳೀನಿ ಭಾಯಿ. ಒಮ್ಮೆ ನಾನೂ ಓದಿ ನೋಡ್ಬೇಕಲ್ಲ?" ಎಂದರು.

ನನ್ನ ನಗುವಿಗೆ ಕಾರಣವಿಲ್ಲದಿರಲಿಲ್ಲ. ನಮ್ಮ ಊರುಗಳಲ್ಲಿ ಡಾಕ್ಟರೇಟು ಎಂದರೆ ಬಾಗಿಲ ಮೇಲಿನ ಫಲಕ, ಮದುವೆ ಕಾರ್ಡಿನಲ್ಲಿ ಹೆಸರಿನ ಹಿಂದೆ ಕೂರುವ ಎರಡಕ್ಷರ. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುವವರೂ ಇದ್ದಾರೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಪದ ಕದ್ದರೆ ಯಂತ್ರ ಹಿಡಿಯುತ್ತದೆ. ಬೇರೆಯವರ ಕೈಯಲ್ಲಿ ಹೊಸದಾಗಿ ಬರೆಸಿದರೆ ಹಿಡಿಯುವುದಿಲ್ಲ. ಯಾವ ನಿಯ್ಯತ್ತಿನಿಂದ ಬರೆದರು ಎಂಬುದಂತೂ ಅದರ ಲೆಕ್ಕಕ್ಕೇ ಬಾರದು. ನಮ್ಮದೇ ಜಿಲ್ಲೆಯ ಶಿಶುನಾಳದ ಷರೀಫರೂ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು. ಅವರ ಹೆಸರಿನ ಹಿಂದೆ 'ಸಂತ' ಎಂದು ಸೇರಿಸಿದವರು ಜನ.

ಆದರೆ ಆಪಾ ಅವರ ಆಸೆಯನ್ನು ಅಷ್ಟು ಹಗುರವಾಗಿ ತಳ್ಳಿಹಾಕುವ ಹಕ್ಕು ನನಗಿರಲಿಲ್ಲ. ಅವರ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗಿ ಮಕ್ಕಳನ್ನು ಓದಿಸಿದವರು. ಅಂಥ ಮನೆಯ ಹೆಣ್ಣುಮಗಳೊಬ್ಬಳು ಸಂಶೋಧನೆಯವರೆಗೆ ಬರುವುದು ಸಣ್ಣ ಮಾತಲ್ಲ. ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಶುರುವಾದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಹೊಸ ಕಾನೂನಿನಡಿ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಬಂತು ಎಂದು ಸಂತೋಷಪಟ್ಟು ಎರಡು ವರ್ಷವಾಗುವಷ್ಟರಲ್ಲಿ, 2025ರಲ್ಲಿ ಅದನ್ನೂ ಸೇರಿಸಿ ಒಂಬತ್ತನ್ನು ಮುಚ್ಚುವ ಮಾತು ರಾಜ್ಯ ಸಂಪುಟದ ಉಪಸಮಿತಿಯಿಂದಲೇ ಬಂತು. ಹೀಗೆ ಬಾಗಿಲುಗಳು ಒಂದೊಂದಾಗಿ ಸಂದೇಹಕ್ಕೆ ಬೀಳುತ್ತಿರುವಾಗ, ನೌಕರಿ ಮಾಡುತ್ತಲೇ ಇಲಾಖೆಯ ಒಪ್ಪಿಗೆ ಪಡೆದು ಒಳಗೆ ಹೋದವರನ್ನು ನೋಡಿ ನಗುವುದು ಸಲ್ಲದು.

ಅಧ್ಯಯನ ಶುರುವಾಯಿತು. ಅಮೆರಿಕದ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ನಾಯಕತ್ವದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಕೊಡು-ಕೊಳ್ಳುವ ವ್ಯವಹಾರದ ನಾಯಕತ್ವ ಒಂದು, ಜನರನ್ನೇ ಬದಲಿಸುವ ನಾಯಕತ್ವ ಇನ್ನೊಂದು ಎಂದು ಅವರ ವಿಂಗಡಣೆ. ಬರ್ನಾರ್ಡ್ ಬಾಸ್ ಎಂಬವರು ಅದನ್ನು ಅಳೆಯಲು ಪ್ರಶ್ನಾವಳಿಯ ದಾರಿ ಮಾಡಿದರು. 'ಎಂದೂ ಇಲ್ಲ' ಎಂಬಲ್ಲಿಂದ 'ಯಾವಾಗಲೂ' ಎಂಬಲ್ಲಿವರೆಗೆ ಐದು ಮನೆಗಳು, ಒಂದಕ್ಕೆ ಗುರುತು ಹಾಕಬೇಕು. ಅಂಥದೇ ಒಂದು ಪ್ರಶ್ನಾವಳಿ ಹಿಡಿದು ಆಪಾ ಮೂರು ತಾಲೂಕಿನ ಶಾಲೆಗಳನ್ನು ಸುತ್ತಿದರು. ಎಲ್ಲರೂ 'ಯಾವಾಗಲೂ' ಎಂಬ ಮನೆಗೇ ಗುರುತು ಹಾಕಿದರು! ರಾಣೆಬೆನ್ನೂರು ಕಡೆಯ ಹಿರಿಯ ಮಾಸ್ತರೊಬ್ಬರು, "ಯಾವುದಕ್ಕ ಟಿಕ್ ಹಾಕಿದ್ರ ನಿಮಗ ಡಿಗ್ರಿ ಸಿಗ್ತೈತಿ ಹೇಳ್ರಿ ಮೇಡಂ, ಅದಕ್ಕ ಹಾಕ್ತೇನಿ" ಎಂದರಂತೆ. ಪಾಪ, ಅವರು ಸಹಾಯ ಮಾಡಬೇಕೆಂದೇ ಹೇಳಿದ್ದು.

ನಿಜವಾದ ಪೆಟ್ಟು ಬಿದ್ದದ್ದು ಅವರದೇ ಶಾಲೆಯಲ್ಲಿ. ಕೋರ್ಸ್‌ವರ್ಕಿಗೆಂದು ಅವರು ವಾರದಲ್ಲಿ ಎರಡು ದಿನ ಹೊರಗಿರುತ್ತಿದ್ದ ಕಾಲ ಅದು. ಮೆಣಸಿನಕಾಯಿ ಹಂಗಾಮು ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ಬಣ್ಣ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಆದರೆ ಆ ಕಾಯಿಯ ತೊಟ್ಟನ್ನು ಒಂದೊಂದಾಗಿ ಬಿಡಿಸುವವರು ಹೆಂಗಸರು, ಕಿಲೋ ಲೆಕ್ಕದ ಕೂಲಿಗೆ. ಕೈ ಹೆಚ್ಚಿದಷ್ಟೂ ಕೂಲಿ ಹೆಚ್ಚು. ಹಾಗಾಗಿ ತಾಯಿಯ ಪಕ್ಕದಲ್ಲಿ ಮಗಳೂ ಬಂದು ಕೂರುತ್ತಾಳೆ. ಒಂದು ಸಂಜೆ ರೈಲಿಳಿದು ಬರುವಾಗ ಏಳನೆಯ ತರಗತಿಯ ತಮ್ಮ ಹುಡುಗಿಯೊಬ್ಬಳು ಬಾಯಿಗೆ ದುಪಟ್ಟಾ ಕಟ್ಟಿಕೊಂಡು ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದನ್ನು ಆಪಾ ಕಂಡರು. ಮೂರು ವಾರದಿಂದ ಅವಳು ಶಾಲೆಗೆ ಬಂದಿರಲಿಲ್ಲ.

ಮರುದಿನ ಹಾಜರಿ ಪುಸ್ತಕ ತೆಗೆದು ನೋಡಿದರೆ ಆ ಮೂರು ವಾರವೂ ಅವಳು ಹಾಜರಿ.

ಹಾಕಿದ ಶಿಕ್ಷಕ ದುಷ್ಟನೇನಲ್ಲ. ಗೈರುಹಾಜರಿ ತೋರಿಸಿದರೆ ಮೇಲಿನವರು ಕೇಳುತ್ತಾರೆ, ಬಿಸಿಯೂಟದ ಲೆಕ್ಕ ಏರುಪೇರಾಗುತ್ತದೆ, ಆಪಾ ಊರಲ್ಲಿಲ್ಲ, ಬಂದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದ. ಆಪಾ ಅವರ ತೊಂದರೆ ಇನ್ನೂ ದೊಡ್ಡದು. ಒಳ್ಳೆಯ ನಾಯಕತ್ವದ ಸಾಕ್ಷಿಯಾಗಿ ಅವರು ತಮ್ಮ ಪ್ರಬಂಧದಲ್ಲಿ ಬಳಸುತ್ತಿದ್ದದ್ದೇ ಶಾಲೆಗಳ ಹಾಜರಿಯ ಅಂಕಿಗಳನ್ನು. ತಮ್ಮ ಪುಸ್ತಕವೇ ಸುಳ್ಳೆಂದರೆ ಉಳಿದ ಶಾಲೆಗಳದ್ದನ್ನು ನಂಬುವುದು ಹೇಗೆ? ಸರಿಪಡಿಸಿ ಬರೆದರೆ ವಿಚಾರಣೆ ಬರಬಹುದು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಪದವಿಯೂ ಸಿಗುತ್ತದೆ.

ಆ ರಾತ್ರಿ ಫೋನಿನಲ್ಲಿ ಅತ್ತರು. "ನಾಯಕತ್ವದ ಮ್ಯಾಲೆ ಬರಿಯೂದಕ್ಕ ನನಗೇನು ಯೋಗ್ಯತಾ ಐತಿ ಭಾಯಿ? ಬಿಟ್ಟುಬಿಡ್ತೀನಿ."

ನನಗೆ ಇಮಾಮ್ ಗಜ್ಜಾಲಿ ನೆನಪಾದರು. ಬಾಗ್ದಾದಿನ ನಿಜಾಮಿಯಾ ಮದರಸಾದ ದೊಡ್ಡ ಪೀಠದಲ್ಲಿದ್ದವರು. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿ ಅಲ್ಲ, ಕೀರ್ತಿಗಾಗಿ ಎಂದು ಅರಿವಾದಾಗ 1095ರಲ್ಲಿ ಅದನ್ನು ಬಿಟ್ಟು ಹೊರಟರು. ಈ ಕಥೆಯನ್ನು ನಾವು ತ್ಯಾಗದ ಕಥೆಯೆಂದಷ್ಟೇ ಹೇಳುತ್ತೇವೆ. ಅವರು ಹೊರಡುವ ಮುನ್ನ ಮಾಡಿದ ಎರಡು ಕೆಲಸಗಳನ್ನು ಮರೆಯುತ್ತೇವೆ. ಪಾಠ ನಿಲ್ಲದಂತೆ ತಮ್ಮನ್ನು ತಮ್ಮ ಜಾಗದಲ್ಲಿ ಬಿಡದೆ ತಮ್ಮ ಸಹೋದರ ಅಹ್ಮದರನ್ನು ನಿಲ್ಲಿಸಿದರು. ಆಸ್ತಿ ಹಂಚಿದರೂ ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಇಟ್ಟರು. ಸುಮಾರು ಹನ್ನೊಂದು ವರ್ಷದ ನಂತರ ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕೂತರು.

ಜ್ಞಾನಕ್ಕಾಗಿ ಶಾಲೆಯಿಂದ ದೂರ ಹೋಗುವುದು ತಪ್ಪಲ್ಲ. ಹಿಂದೆ ಉಳಿದವರಿಗೆ ಏರ್ಪಾಡು ಮಾಡದೆ ಹೋಗುವುದು ತಪ್ಪು. ನನಗನ್ನಿಸುವುದು ಇಷ್ಟು: ಮುಖ್ಯೋಪಾಧ್ಯಾಯರು ಎದುರಿಗಿದ್ದಾಗ ಶಾಲೆ ಹೇಗಿದೆ ಎಂಬುದರಿಂದ ಅವರ ನಾಯಕತ್ವ ತಿಳಿಯುವುದಿಲ್ಲ. ಅವರಿಲ್ಲದ ದಿನ ಒಂದು ಮಗು ಬಾರದಿದ್ದರೆ ಆ ಮಗುವಿನ ಮನೆಗೆ ಯಾರಾದರೂ ಹೋಗುತ್ತಾರೆಯೇ, ಹಾಜರಿ ಪುಸ್ತಕದಲ್ಲಿ ನಿಜ ಬರೆಯಲು ಸಹಶಿಕ್ಷಕನಿಗೆ ಧೈರ್ಯ ಇದೆಯೇ ಎಂಬುದರಿಂದ ತಿಳಿಯುತ್ತದೆ. ಹೆದರಿಕೆಯಿಂದ ಸುಳ್ಳು ಬರೆಯುವ ಶಾಲೆಯಲ್ಲಿ ಇಪ್ಪತ್ತೈದು ವರ್ಷದ ಶಿಸ್ತು ಇರಬಹುದು, ವಿಶ್ವಾಸ ಇಲ್ಲ.

ಇದನ್ನೇ ಆಪಾಗೆ ಹೇಳಿದೆ. ಈಗ ಬಿಟ್ಟರೆ ಕಲಿತದ್ದೂ ವ್ಯರ್ಥವಾಗುತ್ತದೆ ಎಂದೆ. ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಆಪಾ ಕಲಿತ ಪಾಠದ ಶುಲ್ಕ ಕಟ್ಟಿದವಳು ಆ ಹುಡುಗಿ. ಅವಳ ಮೂರು ವಾರ ನಮ್ಮ ಯಾವ ತತ್ವದಿಂದಲೂ ಮರಳಿ ಬರುವುದಿಲ್ಲ.

ಆಪಾ ಬಿಡಲಿಲ್ಲ. ಹಾಜರಿ ಪುಸ್ತಕವನ್ನು ಸರಿಪಡಿಸಿ, ನಡೆದದ್ದನ್ನು ಬರವಣಿಗೆಯಲ್ಲಿ ಮೇಲಿನವರಿಗೆ ತಿಳಿಸಿದರು. ಉತ್ತರವಾಗಿ ಬಂದದ್ದು ಒಂದು ನೋಟೀಸು. ತಪ್ಪನ್ನು ಸಹಶಿಕ್ಷಕನ ಮೇಲೆ ಹಾಕದೆ ತಮ್ಮ ಮೇಲೆಯೇ ಹಾಕಿಕೊಂಡರು. ಎಸ್‌ಡಿಎಂಸಿಯ ಇಬ್ಬರು ತಾಯಂದಿರಿಗೆ, ಮೂರು ದಿನ ಬಾರದ ಮಗುವಿನ ಮನೆಗೆ ಹೋಗುವ ಜವಾಬ್ದಾರಿ ಕೊಟ್ಟರು. ಹುಡುಗಿ ಮತ್ತೆ ಬರುತ್ತಿದ್ದಾಳೆ. ಮಾರುಕಟ್ಟೆಯ ದಿನಗಳಲ್ಲಿ ಇನ್ನೂ ಬರುವುದಿಲ್ಲ. ಪುಸ್ತಕದಲ್ಲಿ ಅವತ್ತು ಗೈರುಹಾಜರಿ ಎಂದೇ ಬರೆಯುತ್ತಾರೆ.

ಪ್ರಬಂಧ ಇನ್ನೂ ಮುಗಿದಿಲ್ಲ. ಪ್ರಶ್ನಾವಳಿಗೆ ಒಂದು ಹೊಸ ಪ್ರಶ್ನೆ ಸೇರಿದೆ: ನೀವು ಶಾಲೆಯಲ್ಲಿ ಇಲ್ಲದ ದಿನ, ಬಾರದ ಮಗುವಿನ ಮನೆಗೆ ಯಾರು ಹೋಗುತ್ತಾರೆ? ಇದಕ್ಕೆ ಐದು ಮನೆಗಳಿಲ್ಲ, ಹೆಸರು ಬರೆಯಬೇಕು. ಹೆಚ್ಚಿನವರು ಆ ಜಾಗವನ್ನು ಖಾಲಿ ಬಿಟ್ಟು ಕೊಡುತ್ತಿದ್ದಾರಂತೆ.

ನಿಮ್ಮ ಊರಿನ ಶಾಲೆಯಲ್ಲಿ ಕೇಳಿದರೆ ಯಾರ ಹೆಸರು ಬರೆಯುತ್ತಾರೆ?