ಸುಳಿಯೂ ಸನ್ನಿಧಿಯೂ

ನಮ್ಮ ಮನೆಗಳ ದೇವರ ಪೀಠದಲ್ಲಿ ಶಂಖವೂ ಸಾಲಿಗ್ರಾಮವೂ ಜೊತೆಯಾಗಿ ಇರುತ್ತವೆ. ಒಂದು ಸಮುದ್ರದಿಂದ ಬಂದುದು, ಇನ್ನೊಂದು ಹಿಮಾಲಯದ ಗಂಡಕೀ ನದಿಯಿಂದ ಬಂದುದು. ಆದರೂ ಎರಡರಲ್ಲಿಯೂ ಸುಳಿಯ ಆಕಾರವನ್ನು ಕಾಣುತ್ತೇವೆ. ಈ ಆಕಾರದ ವಿಷಯವಾಗಿ ಇಂದು ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ಸುಳಿಯು ಸೃಷ್ಟಿಯಲ್ಲಿ ಎಲ್ಲೆಲ್ಲಿಯೂ ಇದೆ, ಆದುದರಿಂದ ಎಲ್ಲವೂ ಒಂದೇ ಎಂಬುದು ಮೊದಲನೆಯದು. ಸಾಲಿಗ್ರಾಮದ ಚಕ್ರವು ಸತ್ತ ಪ್ರಾಣಿಯೊಂದರ ಚಿಪ್ಪಿನ ಗುರುತು, ಅದನ್ನೇಕೆ ಪೂಜಿಸಬೇಕು ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳೇ ಕೇಳುತ್ತಾರೆ. ಅವರನ್ನು ಗದರಿಸಿ ಸುಮ್ಮನಾಗಿಸುವುದು ಉತ್ತರವಾಗಲಾರದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ನಮ್ಮ ಭಾಷೆಯನ್ನೇ ಗಮನಿಸಬೇಕು. ಮಳೆಗಾಲದ ಅಘನಾಶಿನಿಯಲ್ಲಿ ನೀರು ತಿರುಗುವ ಸ್ಥಳಕ್ಕೆ ಸುಳಿ ಎನ್ನುತ್ತೇವೆ. ಮಗುವಿನ ನೆತ್ತಿಯಲ್ಲಿ ಕೂದಲು ಸುತ್ತಿದ ಕಡೆಗೂ ಸುಳಿ ಎಂದೇ ಹೆಸರು. ಸಂತೆಗುಳಿಯ ತೋಟಗಳಲ್ಲಿ ಬಾಳೆಯ ನಡುವಿನಿಂದ ಸುರುಳಿಯಾಗಿ ಮೇಲೇಳುವ ಎಳೆಯ ಎಲೆಯೂ ಸುಳಿಯೇ. ನದಿಯ ಸುಳಿ ಸಿಕ್ಕಿದವನನ್ನು ಕೆಳಕ್ಕೆ ಎಳೆಯುತ್ತದೆ. ಬಾಳೆಯ ಸುಳಿ ಬೆಳಕಿನ ಕಡೆಗೆ ಬಿಚ್ಚಿಕೊಳ್ಳುತ್ತದೆ. ಹೆಸರು ಒಂದೇ, ಆಕಾರವೂ ಹತ್ತಿರದ್ದೇ. ಆದರೆ ಒಂದರಲ್ಲಿ ಮರಣ, ಇನ್ನೊಂದರಲ್ಲಿ ಬೆಳವಣಿಗೆ.

ದೇಶಾಂತರಗಳಲ್ಲಿಯೂ ಹೀಗೆಯೇ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬಲ್ಲಿ ಐದು ಸಾವಿರ ವರ್ಷಗಳಿಗೂ ಹಳೆಯದಾದ ಸಮಾಧಿಯ ಕಲ್ಲುಗಳ ಮೇಲೆ ಸುಳಿಗಳನ್ನು ಕೊರೆದಿದ್ದಾರೆ. ನ್ಯೂಜಿಲೆಂಡಿನ ಮಾವೋರಿ ಜನರಿಗೆ, ಜರೀಗಿಡದ ಬಿಚ್ಚುತ್ತಿರುವ ಚಿಗುರಿನ ಸುರುಳಿಯು ಹೊಸ ಬಾಳಿನ ಚಿಹ್ನೆ. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ 12ನೆಯ ಶತಮಾನದ ಶಿಲ್ಪಿಗಳು ಚಕ್ರವ್ಯೂಹವನ್ನು ಸುತ್ತುಸುತ್ತಾಗಿ ಕೆತ್ತಿದರು. ಆ ಸುತ್ತು ಅಭಿಮನ್ಯುವಿಗೆ ಒಳಹೋಗಲು ದಾರಿಯಾಯಿತೇ ಹೊರತು ಹೊರಬರಲು ದಾರಿಯಾಗಲಿಲ್ಲ.

ಹಾಗಾದರೆ ಎಲ್ಲ ಸುಳಿಗಳೂ ಒಂದೇ ಎನ್ನಬಹುದೇ? ಚಂಡಮಾರುತದ ಸುಳಿಗೆ ಭೂಮಿಯ ತಿರುಗುವಿಕೆ ಕಾರಣ. ಶಂಖದ ಸುಳಿಗೆ ಅದರೊಳಗಿನ ಪ್ರಾಣಿಯು ಬೆಳೆಯುವ ರೀತಿ ಕಾರಣ. ಆಕಾರದಲ್ಲಿಯೂ ಭೇದವುಂಟು. ಅಷ್ಟಮಿಯ ಚಕ್ಕುಲಿಯಲ್ಲಿ ಸುತ್ತಿನಿಂದ ಸುತ್ತಿಗೆ ಇರುವ ಅಂತರ ಸಮಾನ. ಶಂಖದಲ್ಲಿಯಾದರೋ ಅದು ಸುತ್ತು ಸುತ್ತಿಗೂ ಹಿಗ್ಗುತ್ತದೆ. 1705ರಲ್ಲಿ ತೀರಿಕೊಂಡ ಯಾಕೋಬ್ ಬರ್ನೂಲಿ ಎಂಬ ಸ್ವಿಸ್ ಗಣಿತಜ್ಞನು, ಹೀಗೆ ಹಿಗ್ಗುವ ಸುಳಿಯನ್ನು ತನ್ನ ಸಮಾಧಿಯ ಮೇಲೆ ಕೆತ್ತಿಸಬೇಕೆಂದು ಬಯಸಿದ್ದನು. ಕಲ್ಲುಕುಟಿಗನು ಕೆತ್ತಿದ್ದು ಚಕ್ಕುಲಿಯ ಜಾತಿಯ ಸುಳಿಯನ್ನು! ಸಾದೃಶ್ಯವನ್ನು ಐಕ್ಯವೆಂದು ಭಾವಿಸಿದರೆ ಹೀಗಾಗುತ್ತದೆ. ಹೋಲಿಕೆ ಎಂಬುದು ಎರಡು ಬೇರೆ ವಸ್ತುಗಳ ನಡುವೆ ಮಾತ್ರ ಸಾಧ್ಯ. ಆದುದರಿಂದ ಹೋಲಿಕೆಯೇ ಭೇದಕ್ಕೆ ಸಾಕ್ಷಿ.

ಇನ್ನು ಎರಡನೆಯ ಪ್ರಶ್ನೆ. ಸಾಲಿಗ್ರಾಮದೊಳಗಿನ ಚಕ್ರವು ವಜ್ರಕೀಟವು ಕೊರೆದುದೆಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ. ಭೂವಿಜ್ಞಾನಿಗಳ ಪ್ರಕಾರ ಅದು ಅಮೋನೈಟ್ ಎಂಬ ಸಮುದ್ರಪ್ರಾಣಿಯ ಚಿಪ್ಪಿನ ಅಚ್ಚು. ಹಿಮಾಲಯವು ಏಳುವ ಮೊದಲು ಅಲ್ಲಿ ಸಮುದ್ರವಿದ್ದ ಕಾಲದಲ್ಲಿ, ಅಂದರೆ ಹದಿನಾಲ್ಕು ಕೋಟಿ ವರ್ಷಗಳ ಆಚೆಗೆ, ಈ ಪ್ರಾಣಿಗಳು ಕೆಸರಿನಲ್ಲಿ ಹುದುಗಿ ಕಲ್ಲಾದವು. ಇದೇ ಜಾತಿಯ ಶಿಲೆಗಳು ಇಂಗ್ಲೆಂಡಿನ ವಿಟ್ಬಿಯಲ್ಲಿಯೂ ದೊರೆಯುತ್ತವೆ. ಸಂತ ಹಿಲ್ಡಾ ಎಂಬವಳು ಹಾವುಗಳನ್ನು ಕಲ್ಲಾಗಿಸಿದಳೆಂದು ಅಲ್ಲಿಯವರು ನಂಬಿ, ಆ ಕಲ್ಲುಗಳಿಗೆ ಹಾವಿನ ತಲೆಯನ್ನೂ ಕೆತ್ತುತ್ತಿದ್ದರು. ಪ್ರಾಚೀನ ರೋಮನರು ಇವುಗಳಲ್ಲಿ ಈಜಿಪ್ಟಿನ ಅಮ್ಮೋನ್ ದೇವತೆಯ ಟಗರುಕೊಂಬನ್ನು ಕಂಡರು. ಅಮೋನೈಟ್ ಎಂಬ ಹೆಸರು ಬಂದುದೇ ಅದರಿಂದ. ನಮ್ಮ ದೇಶದಲ್ಲಿಯೇ ಕಚ್ಛದಲ್ಲಿಯೂ ತಮಿಳುನಾಡಿನ ಅರಿಯಲೂರಿನಲ್ಲಿಯೂ ಅಮೋನೈಟುಗಳಿವೆ. ಸುಳಿ ಅವುಗಳಲ್ಲಿಯೂ ಉಂಟು. ಆದರೆ ಯಾರೂ ಅವನ್ನು ಸಾಲಿಗ್ರಾಮವೆಂದು ಪೀಠದಲ್ಲಿಡುವುದಿಲ್ಲ.

ಇದರಿಂದ ತಿಳಿಯಬೇಕಾದುದೇನು? ನಮ್ಮ ಹಿರಿಯರು ಪೂಜಿಸಿದ್ದು ಸುಳಿಯನ್ನಲ್ಲ, ಚಿಪ್ಪನ್ನಲ್ಲ, ಕಲ್ಲನ್ನೂ ಅಲ್ಲ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪ್ರತೀಕದ ವಿಚಾರ ಬರುತ್ತದೆ. ಪ್ರತೀಕವನ್ನೇ ಭಗವಂತನೆಂದು ತಿಳಿಯಬಾರದು, ಪ್ರತೀಕದಲ್ಲಿರುವ ಭಗವಂತನನ್ನು ಉಪಾಸಿಸಬೇಕು ಎಂಬುದು ಅಲ್ಲಿ ಶ್ರೀಮದಾಚಾರ್ಯರ ಅಭಿಪ್ರಾಯ. ಕಲ್ಲು ಹೇಗೆ ಆಯಿತೆಂಬುದು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಸೇರಿದ ವಿಷಯ. ಅದರಲ್ಲಿ ಶ್ರೀಹರಿಯ ಸನ್ನಿಧಾನವಿದೆ ಎಂಬುದು ಆಗಮದಿಂದ ತಿಳಿಯತಕ್ಕ ವಿಷಯ. ಸುತ್ತಿಗೆಯಿಂದ ಒಡೆದು ನೋಡಿ ಸನ್ನಿಧಾನವನ್ನು ಸ್ಥಾಪಿಸಲೂ ಆಗದು, ನಿರಾಕರಿಸಲೂ ಆಗದು. ಜಗತ್ತು ಸತ್ಯ ಎನ್ನುವ ತತ್ತ್ವವಾದಿಗಳು ಜಗತ್ತಿನ ನಿಜಸಂಗತಿಗೆ ಹೆದರುವುದೇಕೆ? ಆದುದರಿಂದ ಮಗು ಕೇಳಿದಾಗ, "ಹೌದಪ್ಪಾ, ಅದು ಪುರಾತನ ಪ್ರಾಣಿಯ ಚಿಪ್ಪಿನ ಅಚ್ಚೇ. ಆ ಪ್ರಾಣಿಯೂ ಅದರ ಸಮುದ್ರವೂ ಭಗವಂತನ ಅಧೀನದಲ್ಲಿಯೇ ಇದ್ದುವು. ನಾವು ಕೈಮುಗಿಯುವುದು ಅದರೊಳಗಿರುವ ಅವನಿಗೆ" ಎಂದು ನಿಸ್ಸಂಕೋಚವಾಗಿ ಹೇಳಬಹುದು. ಸುಳ್ಳಿನಿಂದ ಕಾಪಾಡಬೇಕಾದ ಭಕ್ತಿ ಬಹುಕಾಲ ನಿಲ್ಲಲಾರದು.

ಆಕಾರಕ್ಕೇ ಮಹಿಮೆಯನ್ನು ಕಟ್ಟುವುದರಿಂದ ಆಗುವ ಹಾನಿ ಇನ್ನೊಂದುಂಟು. ಬಲಮುರಿ ಶಂಖವು ಬಹಳ ಅಪರೂಪ. ಮೊನೆಯಾದ ತಲೆಯನ್ನು ಮೇಲೆ ಮಾಡಿ ನೋಡುವ ಜೀವಶಾಸ್ತ್ರಜ್ಞರು ಎಡಸುಳಿಯೆನ್ನುವ ಶಂಖವನ್ನೇ, ನೀರು ಸುರಿಯುವ ತುದಿಯನ್ನು ಮೇಲೆ ಮಾಡಿ ನೋಡುವ ನಾವು ಬಲಮುರಿ ಎನ್ನುತ್ತೇವೆ. ಹಿಡಿಯುವ ರೀತಿಯಿಂದ ಹೆಸರೇ ಬದಲಾಗುತ್ತದೆ! ಅಮೇರಿಕದ ಕಡಲಕರೆಯಲ್ಲಿ ಸಹಜವಾಗಿಯೇ ಎಡಕ್ಕೆ ಸುತ್ತುವ ಬೇರೊಂದು ಜಾತಿಯ ಚಿಪ್ಪಿದೆ. ಅದನ್ನು ತರಿಸಿ ಬಲಮುರಿ ಎಂದು ದೊಡ್ಡ ಬೆಲೆಗೆ ಮಾರುವವರೂ ಇದ್ದಾರೆ. ಮನೆಯಲ್ಲಿ ಲಕ್ಷ್ಮಿ ನೆಲಸುವಳೆಂದು ಸಾಲ ಮಾಡಿ ಇಂತಹುದನ್ನು ಕೊಳ್ಳುವುದಕ್ಕಿಂತ, ಅಜ್ಜನ ಕಾಲದ ಸಾಮಾನ್ಯ ಶಂಖದಲ್ಲಿ ಶುದ್ಧೋದಕವನ್ನು ತುಂಬಿ ಶ್ರದ್ಧೆಯಿಂದ ಎರೆಯುವುದು ಲೇಸು.

ಹಾಗೆಂದು ಸುಳಿಯಿಂದ ಕಲಿಯುವುದೇನೂ ಇಲ್ಲವೆಂದಲ್ಲ. ದೃಷ್ಟಾಂತವು ಸಿದ್ಧಾಂತವಲ್ಲ, ಆದರೂ ಬುದ್ಧಿಗೆ ಊರುಗೋಲಾಗುತ್ತದೆ. ಶಂಖದೊಳಗಿನ ಪ್ರಾಣಿಯು ತನ್ನ ಚಿಪ್ಪನ್ನು ಬಾಯಿಯ ಅಂಚಿನಲ್ಲಿ ಮಾತ್ರ ಬೆಳೆಸಬಲ್ಲದು. ಎಳವೆಯಲ್ಲಿ ಕಟ್ಟಿದ ಸುತ್ತು ಹಾಗೆಯೇ ಉಳಿದು, ಹೊಸ ಸುತ್ತು ಅದಕ್ಕಿಂತ ವಿಶಾಲವಾಗುತ್ತದೆ. ನಮಗೂ ವರ್ಷವರ್ಷ ಅದೇ ಏಕಾದಶಿ, ಅದೇ ಚಾತುರ್ಮಾಸ್ಯ, ಅದೇ ಮಧ್ವನವಮಿ ಮರಳಿ ಬರುತ್ತವೆ. ಹೋದ ವರ್ಷದ ಕೋಪವೂ ಲೋಭವೂ ನೆರೆಯವನ ಮೇಲಿನ ಮತ್ಸರವೂ ಈ ವರ್ಷವೂ ಅಷ್ಟೇ ಉಳಿದಿದ್ದರೆ ನಮ್ಮದು ಗಾಣದೆತ್ತಿನ ಸುತ್ತು. ಒಂದು ಎಳೆಯಷ್ಟಾದರೂ ಮನಸ್ಸು ಹಿಗ್ಗಿದ್ದರೆ ಅದು ಶಂಖದ ಸುತ್ತು. ಯಾವ ಸುತ್ತು ಯಾರದೆಂಬುದನ್ನು ಅವರವರೇ ವರ್ಷಕ್ಕೊಮ್ಮೆ ಅಳೆದು ನೋಡಿಕೊಳ್ಳತಕ್ಕದ್ದು.

ಶ್ರೀಕೃಷ್ಣಾರ್ಪಣಮಸ್ತು.