ಡೆಲಿವರಿ ಬಾಯ್‌ಗೆ ವಯಸ್ಸೆಷ್ಟು?

ಕಳೆದ ಭಾನುವಾರ ಬಿಳೇಕಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ನಾನೇ ಹಾಕಿದ ಮೆಸೇಜು: 'ಗಾಯ್ಸ್, ಯಾರದೋ ಡೆಲಿವರಿ ಬಾಯ್ ಗೇಟಲ್ಲಿ ಕಾಯ್ತಿದ್ದಾನೆ.' ಕಳಿಸಿ ತಲೆ ಎತ್ತಿದೆ. ಆ 'ಬಾಯ್' ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ತಿದ್ರು. ಅರ್ಧ ತಲೆ ನರೆತಿತ್ತು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು.

ಒಂದೇ ಸಾಲು, ಎರಡು ಪದ. ಗೇಟಿನ ಒಳಗಿರೋರು ಗಾಯ್ಸ್, ಹೊರಗಿರೋರು ಬಾಯ್.

ಗಾಯ್ಸ್ ಅನ್ನೋ ಪದದ ಋಣ ನನ್ನ ಮೇಲಿದೆ. ಮದ್ದೂರು ಕಡೆಯ ಹಳ್ಳಿಯಿಂದ ಬಿಇ ಮುಗಿಸಿ ಬಂದು ಮೊದಲ ಮೀಟಿಂಗಲ್ಲಿ ಕೂತಾಗ, ಯಾರಿಗೆ ಸಾರ್, ಯಾರಿಗೆ ನೀವು ಅಂತ ಲೆಕ್ಕ ಹಾಕ್ತಿದ್ದೆ. ಮ್ಯಾನೇಜರ್ ಬಂದು 'ಹಾಯ್ ಗಾಯ್ಸ್' ಅಂದ್ರು. ನನ್ನ ಲೆಕ್ಕವೆಲ್ಲ ಅಳಿಸಿಹೋಯ್ತು. ಹಾಗಂತ ಆ ಪದದ ಹುಟ್ಟೇನೂ ದೊಡ್ಡದಲ್ಲ. 1605ರಲ್ಲಿ ಲಂಡನ್ನಿನ ಸಂಸತ್ತನ್ನು ಸಿಡಿಸೋಕೆ ಹೋಗಿ ಸಿಕ್ಕಿಬಿದ್ದ ಗಾಯ್ ಫಾಕ್ಸ್ ಹೆಸರದು. ಅವನ ಬೊಂಬೆ ಮಾಡಿ ಸುಡ್ತಿದ್ರು. ಬೊಂಬೆಯ ಹೆಸರು ಚಿಂದಿ ಬಟ್ಟೆಯವನಿಗೆ ಬಂತು, ಆಮೇಲೆ ಎಲ್ಲರಿಗೂ ಬಂತು. ಫೆಲೋ ಇದರ ಉಲ್ಟಾ. ಮೂಲದಲ್ಲಿ ಪಾಲುದಾರ, ಜೊತೆಗಾರ. ನಮ್ಮ ಮೇಷ್ಟ್ರ ಬಾಯಲ್ಲಿ 'ಯೂಸ್‌ಲೆಸ್ ಫೆಲೋ'. (ನಮ್ಮ ಪಕ್ಕದ ಐಐಎಂನಲ್ಲಿ ಡಾಕ್ಟರೇಟ್ ಮಟ್ಟದ ಓದು ಮುಗಿಸಿದವರಿಗೆ ಎಷ್ಟೋ ವರ್ಷ ಕೊಡ್ತಿದ್ದ ಬಿರುದೇ ಫೆಲೋ ಅನ್ನೋದು ಬೇರೆ ಮಾತು.)

ಬಾಯ್ ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಬ್ರಿಟಿಷರ ಬಂಗಲೆಯಲ್ಲಿ ಮೊಮ್ಮಕ್ಕಳಿದ್ದ ಆಳೂ ಬಾಯ್. ಅಮೆರಿಕದಲ್ಲಿ ಕಪ್ಪು ಜನರನ್ನು ಬೆಳೆದ ಮೇಲೂ ಹಾಗೇ ಕರೀತಿದ್ರು. 1968ರಲ್ಲಿ ಮೆಂಫಿಸ್ ನಗರದ ಪೌರಕಾರ್ಮಿಕರು ಮುಷ್ಕರ ಹೂಡಿದಾಗ ಹಿಡಿದ ಫಲಕದಲ್ಲಿ ಸಂಬಳದ ಮಾತಿರಲಿಲ್ಲ. 'ಐ ಆಮ್ ಎ ಮ್ಯಾನ್', ಅಷ್ಟೇ.

'ಮಗಾ, ಅದು ಬರೀ ಕೆಲಸದ ಹೆಸರು. ಅವರೇ ಫೋನಲ್ಲಿ "ಸಾರ್, ಡೆಲಿವರಿ ಬಾಯ್" ಅಂತಾರಲ್ಲ' ಅಂದ ನನ್ನ ಗೆಳೆಯ. ನಿಜ, ಅಂತಾರೆ. ಉತ್ತರ ಕಷ್ಟ ಆಗೋದು ಅಲ್ಲೇ. ಅಪ್ಪ ಕೂಲಿಗೆ ಹೋಗ್ತಿದ್ದ ಮನೆಯಲ್ಲಿ ನನ್ನ ವಾರಿಗೆಯ ಹುಡುಗನೊಬ್ಬ ಅಪ್ಪನನ್ನ 'ಬಾರೋ ಇಲ್ಲಿ' ಅಂತಿದ್ದ. ಅಪ್ಪ 'ಬಂದೆ ಬುದ್ಧೀ' ಅಂತ ಹೋಗ್ತಿದ್ರು. ನಾನು ಬದುವಿನ ಮೇಲೆ ನಿಂತು ಬೇರೆ ಕಡೆ ನೋಡ್ತಿದ್ದೆ. ಅಪ್ಪ ಅದನ್ನ ಒಪ್ಪಿದ್ರು ಅಂತ ಹೇಳೋಕಾಗುತ್ತಾ? ಸಂಜೆ ಕೂಲಿ ಸಿಗಬೇಕಿತ್ತು.

ಹಾಗಾದ್ರೆ ಏನನ್ನೋದು? ಕೆಲವರು ಬ್ರೋ ಅಂತಾರೆ. ಹತ್ತು ನಿಮಿಷ ತಡವಾದ್ರೆ ಅದೇ ಬ್ರೋಗೆ ಒಂದೇ ಸ್ಟಾರ್. ಬಾಸ್ ಅನ್ನೋದಂತೂ ಬನ್ನೇರುಘಟ್ಟ ರಸ್ತೆಯಲ್ಲಿ 'ಗಾಡಿ ಪಕ್ಕಕ್ಕೆ ತೆಗಿ' ಅನ್ನೋಕೆ ಮಾತ್ರ. ಕರ್ನಾಟಕ 2025ರಲ್ಲಿ ತಂದ ಕಾಯ್ದೆಯಲ್ಲಿ ಇವರು ಗಿಗ್ ಕಾರ್ಮಿಕರು. ಕಾನೂನಿಗೆ ಸರಿ, ಗೇಟಲ್ಲಿ ನಿಂತು ಹಾಗೆ ಕರೆಯೋಕಾಗಲ್ಲ.

ಮೊನ್ನೆ ಅಪ್ಪ ಊರಿಂದ ಬಂದಿದ್ರು. ಮಧ್ಯಾಹ್ನ ಇಂಟರ್‌ಕಾಮ್ ಹೊಡ್ಕೊಳ್ತು, ಅವರೇ ಎತ್ತಿದ್ರು. ಇಟ್ಟು ನನ್ನ ಕಡೆ ತಿರುಗಿದ್ರು.

'ಊಟದವರು ಬಂದವ್ರಂತೆ ಕಣಪ್ಪ. ಬಿಸಿಲಲ್ಲಿ ನಿಂತವ್ರೆ, ಬಿರ್ರನೆ ಹೋಗು.'